ಹಗೇವಿನ ಕಾಳು: ಗಣಕಯಂತ್ರದ ದೊಡ್ಡ ಪ್ರೋಗ್ರಾಮುಗಳಿಗೆ ಜಾಗ ದೊರೆತ ಬಗೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಬುದ್ಧಿಮಾತು. ಸಂಸಾರವಂದಿಗನಿಗೆ ಇದಕ್ಕಿಂತ ಒಳ್ಳೆಯ ಉಪದೇಶ ಇನ್ನೊಂದಿಲ್ಲ. ಆದರೆ ಹಾಸಿಗೆಯ ಉದ್ದವನ್ನು ಗೊತ್ತುಮಾಡಿದವರು ಯಾರು, ಗೊತ್ತುಮಾಡುವಾಗ ಮಲಗುವವನ ಎತ್ತರವನ್ನು ಅವರು ಅಳೆದಿದ್ದರೆ, ಎಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ. ಗಣಕಯಂತ್ರದ ಚರಿತ್ರೆಯಲ್ಲಿ ಈ ಪ್ರಶ್ನೆ ಒಂದು ಕಾಲಕ್ಕೆ ಬಹು ತೀವ್ರವಾಗಿ ಎದ್ದಿತು. ೧೯೮೧ರಲ್ಲಿ ಹಾಸಿದ ಒಂದು ಹಾಸಿಗೆಯ ಮೇಲೆ ಸಣ್ಣ ಗಣಕಗಳ ಪ್ರೋಗ್ರಾಮುಗಳೆಲ್ಲ ಹತ್ತು-ಹದಿನೈದು ವರ್ಷ ಮುದುಡಿಕೊಂಡು ಮಲಗಬೇಕಾಯಿತು. ಅಲ್ಲಿಂದ ಅವು ಕಾಲು ಚಾಚಿದ ಬಗೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಈ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಉತ್ತರವಾಗಿ ನಮ್ಮ ಕಡೆಯ ಒಂದು ಉದಾಹರಣೆಯನ್ನೇ ಕೊಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಇವು ಇಂದು ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಆದಕಾರಣ ಇಲ್ಲಿಯ ಶಾಸನಗಳು ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಬರಲಿಲ್ಲ, ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ, ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳೆಂಬ ಹೆಸರಿನಲ್ಲಿ ಬಂದವು. ಹರಪನಹಳ್ಳಿಯ ಹತ್ತಿರದ ಬಾಗಳಿಯ ಕಲ್ಲೇಶ್ವರ ದೇವಾಲಯವೊಂದರಲ್ಲಿಯೇ ಶಾಸನಗಳ ಒಂದು ಭಂಡಾರವಿದೆ.

ಈ ಐದು ತಾಲ್ಲೂಕುಗಳ ಶಾಸನಗಳಲ್ಲಿ ಬರುವ ಪ್ರತಿಯೊಂದು ಪದವನ್ನೂ ಅಕಾರಾದಿಯಾಗಿ ಜೋಡಿಸಿ, ಅದು ಯಾವ ಶಾಸನದ ಎಷ್ಟನೆಯ ಸಾಲಿನಲ್ಲಿದೆಯೆಂದು ತಿಳಿಸುವ ಪದಸೂಚಿಯನ್ನು ಒಬ್ಬ ವಿದ್ಯಾರ್ಥಿ ಮಾಡಹೊರಟನೆನ್ನಿ. ಒಂದು ಲಕ್ಷ ಪದಗಳೆಂದು ಹಿಡಿಯೋಣ. ಪದಕ್ಕೆ ಹತ್ತು ಬೈಟು, ಅದರ ವಿಳಾಸಕ್ಕೆ ಹತ್ತು ಬೈಟು. ಒಟ್ಟು ಇಪ್ಪತ್ತು ಲಕ್ಷ ಬೈಟು. ೧೯೮೦ರ ದಶಕದ ಸಣ್ಣ ಗಣಕದಲ್ಲಿ ಪ್ರೋಗ್ರಾಮಿಗೂ ಅದರ ಸಾಮಗ್ರಿಗೂ ಕೂಡಿ ಸಿಗುತ್ತಿದ್ದ ಜಾಗ ೬,೫೫,೩೬೦ ಬೈಟು. ಸೂಚಿಯ ಮೂರನೆಯ ಒಂದು ಪಾಲೂ ಒಳಗೆ ಹಿಡಿಯದು. ವಿದ್ಯಾರ್ಥಿ ಹೆಚ್ಚು ಹಣ ಕೊಟ್ಟು ಯಂತ್ರದೊಳಗೆ ಮೆಮೊರಿಯ ಬಿಲ್ಲೆಗಳನ್ನು ತುಂಬಿಸಿದರೂ ಪ್ರೋಗ್ರಾಮು ಅವುಗಳನ್ನು ಕಾಣುತ್ತಿರಲಿಲ್ಲ. ಇದ್ದೂ ಕಾಣದಿರುವ ಈ ವಿಚಿತ್ರವೇ ನಮ್ಮ ಕಥೆಯ ಬೇರು.

ಭಾಷಾಂತರಕಾರನ ಅಳತೆಗೋಲು

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರವು ನೇರವಾಗಿ ಓದಲಾರದು. ಅದನ್ನು ಯಂತ್ರದ ಸೊನ್ನೆ-ಒಂದುಗಳ ಭಾಷೆಗೆ ತಿರುಗಿಸಿಕೊಡುವ ಇನ್ನೊಂದು ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು. ಜಾನ್ ಬ್ಯಾಕಸ್ ಎಂಬಾತನೂ ಅವನ ಸಂಗಡಿಗರೂ ಐ.ಬಿ.ಎಂ. ಸಂಸ್ಥೆಯಲ್ಲಿ ೧೯೫೭ರಲ್ಲಿ ಹೊರತಂದ ಫೋರ್‌ಟ್ರಾನ್ ಕಂಪೈಲರ್ ಈ ವಿದ್ಯೆಯನ್ನು ಲೋಕಮಾನ್ಯವಾಗಿಸಿತು. ಕಂಪೈಲರ್ ಬರಿಯ ಭಾಷಾಂತರಕಾರನಲ್ಲ. ಪ್ರತಿಯೊಂದು ವಸ್ತುವಿಗೂ ಮೆಮೊರಿಯಲ್ಲಿ ಒಂದು ಸ್ಥಳ ಗೊತ್ತುಮಾಡಿ, ಆ ಸ್ಥಳದ ವಿಳಾಸವನ್ನು ಬರೆದಿಡುವ ಕೆಲಸವೂ ಅದರದೇ. ಹಿಂದಿನ ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ಸರ್ವೆ ನಂಬರಿಗೆ ಮೂರೇ ಅಂಕಿಯ ಅಂಕಣವಿದ್ದಿತೆಂದು ಭಾವಿಸೋಣ. ಆಗ ೯೯೯ರ ಆಚೆಯ ಹೊಲ ಎಷ್ಟೇ ಫಲವತ್ತಾಗಿದ್ದರೂ ಸರಕಾರದ ಪಾಲಿಗೆ ಅದು ಇಲ್ಲವೇ ಇಲ್ಲ. ಹಾಗೆಯೇ ಕಂಪೈಲರ್ ಎಷ್ಟು ಅಂಕಿಯ ವಿಳಾಸ ಬರೆಯಬಲ್ಲದೋ ಪ್ರೋಗ್ರಾಮಿನ ಪ್ರಪಂಚ ಅಷ್ಟೇ ದೊಡ್ಡದು. ಯಂತ್ರದೊಳಗೆ ಜಾಗವಿದ್ದರೆ ಸಾಲದು. ಆ ಜಾಗದ ವಿಳಾಸ ಬರೆಯಬಲ್ಲ ಕಂಪೈಲರೂ ಬೇಕು. ದೊಡ್ಡ ಪ್ರೋಗ್ರಾಮಿಗೆ ಕಂಪೈಲರನ್ನು ಆರಿಸುವುದೆಂದರೆ ಈ ಅಂಕಣದ ಅಗಲವನ್ನು ಆರಿಸುವುದು.

ಜಾಗದ ಬಡತನ ಈ ವಿದ್ಯೆಯ ಜೊತೆಯಲ್ಲೇ ಹುಟ್ಟಿದ್ದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿ ೧೯೬೦ರಲ್ಲಿ ನಡೆಸತೊಡಗಿದ ‘ಟಿಫ್ರಾಕ್’ ಯಂತ್ರದ ಮೆಮೊರಿ ೨,೦೪೮ ಪದಗಳಷ್ಟು ಮಾತ್ರ. ಅಷ್ಟರಲ್ಲಿಯೇ ವಿಜ್ಞಾನಿಗಳು ಗಂಭೀರವಾದ ಲೆಕ್ಕಗಳನ್ನು ಮಾಡಿದರು. ೧೯೬೨ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ‘ಅಟ್ಲಾಸ್’ ಯಂತ್ರ ಒಂದು ಹೊಸ ದಾರಿ ತೋರಿಸಿತು. ಒಳಗಿನ ಸಣ್ಣ ಮೆಮೊರಿಯನ್ನೂ ಹೊರಗಿನ ದೊಡ್ಡ ಸಂಗ್ರಹವನ್ನೂ ಸೇರಿಸಿ, ಪ್ರೋಗ್ರಾಮಿಗೆ ಎರಡೂ ಒಂದೇ ವಿಶಾಲ ಉಗ್ರಾಣವೆಂದು ತೋರುವಂತೆ ಅದು ಮಾಡಿತು. ಬೇಕಾದ ಪುಟವನ್ನು ಯಂತ್ರವೇ ಒಳಗೆ ತರುತ್ತದೆ, ಬೇಡವಾದುದನ್ನು ಹೊರಗಿಡುತ್ತದೆ. ದೊಡ್ಡ ಯಂತ್ರಗಳ ಲೋಕದಲ್ಲಿ ಹೀಗೆ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿತ್ತು. ಆದರೆ ಸಾಮಾನ್ಯನ ಮೇಜಿನ ಮೇಲೆ ಬಂದು ಕುಳಿತ ಸಣ್ಣ ಗಣಕ ಈ ಪಾಠವನ್ನು ಮರೆತು ಮೊದಲಿನಿಂದ ಆರಂಭಿಸಿತು.

೬೪೦ರ ಗೆರೆ

ಇಂಟೆಲ್ ಸಂಸ್ಥೆ ೧೯೭೮ರಲ್ಲಿ ೮೦೮೬ ಎಂಬ ಸಂಸ್ಕಾರಕವನ್ನು ಹೊರತಂದಿತು. ಅದರ ವಿಳಾಸಕ್ಕೆ ಇಪ್ಪತ್ತು ದ್ವಿಮಾನ ಅಂಕಿಗಳು. ಅಂದರೆ ೧೦,೪೮,೫೭೬ ಬೈಟುಗಳು ಅದರ ಎಲ್ಲೆ. ಆದರೆ ಅದರ ಒಳಗಿನ ಅಂಕಣಗಳು ಹದಿನಾರು ಅಂಕಿಯವು. ಒಂದು ಅಂಕಣ ೬೫,೫೩೬ ಸ್ಥಳಗಳನ್ನಷ್ಟೇ ಹೆಸರಿಸಬಲ್ಲದು. ಆದುದರಿಂದ ಎರಡು ಅಂಕಣಗಳನ್ನು ಕೂಡಿಸಿ ವಿಳಾಸ ಮಾಡಬೇಕಾಯಿತು: ಒಂದು ಓಣಿಯ ಹೆಸರು, ಇನ್ನೊಂದು ಮನೆಯ ನಂಬರು. ಒಂದೇ ಓಣಿಯವರು ಒಬ್ಬರನ್ನೊಬ್ಬರು ಕರೆಯಲು ಮನೆಯ ನಂಬರು ಸಾಕು. ಬೇರೆ ಓಣಿಗೆ ಹೋಗಬೇಕಾದರೆ ಎರಡೂ ಬೇಕು. ಮೊದಲನೆಯದು ಚಿಕ್ಕದು, ವೇಗವಾದದ್ದು. ಎರಡನೆಯದು ಉದ್ದ, ನಿಧಾನ.

೧೯೮೧ರ ಆಗಸ್ಟಿನಲ್ಲಿ ಐ.ಬಿ.ಎಂ. ಸಂಸ್ಥೆ ಇದೇ ವಂಶದ ೮೦೮೮ ಸಂಸ್ಕಾರಕವನ್ನಿಟ್ಟು ತನ್ನ ವೈಯಕ್ತಿಕ ಗಣಕವನ್ನು ಮಾರುಕಟ್ಟೆಗೆ ತಂದಿತು. ಹತ್ತು ಲಕ್ಷದ ಚಿಲ್ಲರೆ ಸ್ಥಳಗಳಲ್ಲಿ ಮೇಲಿನ ಭಾಗವನ್ನು ತೆರೆಯ ಚಿತ್ರಕ್ಕೂ ಯಂತ್ರದ ಶಾಶ್ವತ ಆದೇಶಗಳಿಗೂ ಮೀಸಲಿಟ್ಟರು. ಪ್ರೋಗ್ರಾಮುಗಳಿಗೆ ಉಳಿದದ್ದು ೬೪೦ ಕಿಲೋಬೈಟು. ಮೊದಲ ಯಂತ್ರಗಳಲ್ಲಿ ಅದರ ಹತ್ತನೆಯ ಒಂದು ಪಾಲನ್ನು ತುಂಬುವುದೂ ಒಂದು ವೈಭವವೆನಿಸಿದ್ದ ಕಾಲ ಅದು. ಗೆರೆ ಎಳೆದವರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಲಕ್ಷಾಂತರ ಪ್ರೋಗ್ರಾಮುಗಳು ಆ ಗೆರೆಯನ್ನು ನಂಬಿ ಕಟ್ಟಿಕೊಂಡಮೇಲೆ ಅದನ್ನು ಅಳಿಸುವುದು ಯಾರಿಂದಲೂ ಆಗಲಿಲ್ಲ.

ಆ ಕಾಲದ ಕಂಪೈಲರುಗಳು ಈ ಓಣಿಗಳ ಲೆಕ್ಕಕ್ಕೆ ತಕ್ಕಂತೆ ಹಲವು ಮಾದರಿಗಳನ್ನು ಮುಂದಿಡುತ್ತಿದ್ದವು. ಆದೇಶಗಳೂ ಸಾಮಗ್ರಿಯೂ ಒಂದೇ ಓಣಿಯಲ್ಲಿರುವುದು ‘ಟೈನಿ’. ಎರಡಕ್ಕೂ ಒಂದೊಂದು ಓಣಿ ‘ಸ್ಮಾಲ್’. ಆದೇಶಗಳಿಗೆ ಮಾತ್ರ ಹಲವು ಓಣಿ ‘ಮೀಡಿಯಂ’. ಸಾಮಗ್ರಿಗೆ ಮಾತ್ರ ಹಲವು ‘ಕಾಂಪ್ಯಾಕ್ಟ್’. ಎರಡಕ್ಕೂ ಹಲವು ‘ಲಾರ್ಜ್’. ಒಂದೇ ಪಟ್ಟಿ ಒಂದು ಓಣಿಯನ್ನು ಮೀರಿ ಬೆಳೆಯಬಹುದಾದದ್ದು ‘ಹ್ಯೂಜ್’. ಹೆಸರಿನಲ್ಲಿ ಮಹತ್ತಿದ್ದರೂ ಈ ಕೊನೆಯದೂ ೬೪೦ರ ಗೆರೆಯೊಳಗಿನ ಮಹತ್ತೇ. ೧೯೮೩ರಲ್ಲಿ ಬೋರ್‌ಲ್ಯಾಂಡ್ ಸಂಸ್ಥೆ ಐವತ್ತು ಡಾಲರಿಗೂ ಕಡಿಮೆ ಬೆಲೆಗೆ ಕೊಟ್ಟ ‘ಟರ್ಬೊ ಪಾಸ್ಕಲ್’ ವಿದ್ಯಾರ್ಥಿಗಳ ಕಣ್ಮಣಿಯಾಯಿತು. ಅದರ ಮೊದಲ ಆವೃತ್ತಿಗಳಲ್ಲಿ ಪ್ರೋಗ್ರಾಮಿನ ಆದೇಶಗಳೆಲ್ಲ ಒಂದೇ ಓಣಿಯಲ್ಲಿರಬೇಕಾಗಿತ್ತು. ೧೯೮೭ರ ನಾಲ್ಕನೆಯ ಆವೃತ್ತಿ ಆ ಕಟ್ಟನ್ನು ಸಡಿಲಿಸಿತು.

ಬಯಲಾಟ, ಕಿಟಕಿ, ಹಗೇವು

ಗೆರೆಯನ್ನು ಅಳಿಸಲಾಗದವರು ದಾಟುವ ಉಪಾಯ ಹುಡುಕಿದರು. ಮುಖ್ಯವಾದವು ಮೂರು.

ಮೊದಲನೆಯದು ‘ಓವರ್‌ಲೇ’. ಬಳ್ಳಾರಿ ಸೀಮೆಯ ಬಯಲಾಟವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಟ್ಟ ಚಿಕ್ಕದು, ಪಾತ್ರಗಳು ಹಲವು. ಒಂದು ಪಾತ್ರ ಒಳಗೆ ಹೋದಮೇಲೆ ಅದೇ ಜಾಗದಲ್ಲಿ ಇನ್ನೊಂದು ಪಾತ್ರ ಬಂದು ಕುಣಿಯುತ್ತದೆ. ಭಾಗವತನೂ ಸಾರಥಿಯೂ ಮಾತ್ರ ಆಟ ಮುಗಿಯುವ ತನಕ ಅಲ್ಲಿಯೇ ಇರುತ್ತಾರೆ. ಹಾಗೆಯೇ ಪ್ರೋಗ್ರಾಮನ್ನು ತುಂಡುಮಾಡಿ ತಟ್ಟೆಯ ಮೇಲಿಟ್ಟು, ಬೇಕಾದ ತುಂಡನ್ನು ಬೇಕಾದಾಗ ಒಂದೇ ಜಾಗಕ್ಕೆ ತರುವುದು. ಆದರೆ ಒಬ್ಬರಿಗೊಬ್ಬರು ಮಾತಾಡಬೇಕಾದ ಎರಡು ಪಾತ್ರಗಳನ್ನು ಬೇರೆ ಬೇರೆ ಸರದಿಗೆ ಹಾಕಿದರೆ ಆಟ ಕೆಡುತ್ತದೆ. ತುಂಡು ಹಾಕುವ ವಿವೇಕವೆಲ್ಲ ಬರೆಯುವವನದೇ. ಅಲ್ಲದೆ ಇದು ಆದೇಶಗಳಿಗೆ ಒದಗುವ ಉಪಾಯವೇ ಹೊರತು ಸಾಮಗ್ರಿಗಲ್ಲ. ನಮ್ಮ ಪದಸೂಚಿಯ ಇಪ್ಪತ್ತು ಲಕ್ಷ ಬೈಟುಗಳಿಗೆ ಇದರಿಂದ ನೆರಳು ಸಿಗದು.

ಎರಡನೆಯದು ಕಿಟಕಿಯ ಉಪಾಯ. ಕಂಪನಿಗಳ ಲೆಕ್ಕಪತ್ರಗಳು ‘ಲೋಟಸ್ ೧-೨-೩’ ಎಂಬ ಪ್ರೋಗ್ರಾಮಿನಲ್ಲಿ ಬೆಳೆದು ಬೆಳೆದು ೬೪೦ರ ಗೋಡೆಗೆ ತಲೆ ತಾಗಿಸಿದಾಗ, ೧೯೮೫ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಮೂರೂ ಸಂಸ್ಥೆಗಳು ಸೇರಿ ಒಂದು ಒಪ್ಪಂದದ ಕ್ರಮವನ್ನು ಪ್ರಕಟಿಸಿದವು. ಹೊರಗೆ ಪ್ರತ್ಯೇಕ ಹಲಗೆಯ ಮೇಲೆ ೮೦ ಲಕ್ಷ ಬೈಟುಗಳವರೆಗೆ ಮೆಮೊರಿ ಇಡಬಹುದು. ಒಳಗಿನ ೬೪ ಕಿಲೋಬೈಟಿನ ಒಂದು ಕಿಟಕಿಯಲ್ಲಿ ಅದರ ನಾಲ್ಕು ಪುಟಗಳನ್ನು ಒಮ್ಮೆಗೆ ನೋಡಬಹುದು. ಇದಕ್ಕೆ ‘ಎಕ್ಸ್‌ಪ್ಯಾಂಡೆಡ್ ಮೆಮೊರಿ’ ಎಂದು ಹೆಸರಾಯಿತು. ಅಂಗಡಿಯ ಗಲ್ಲಾದ ಮುಂದೆ ಕುಳಿತ ಸಾಹುಕಾರ ಉಗ್ರಾಣದಿಂದ ಒಂದೊಂದೇ ಚೀಲ ತರಿಸಿ ನೋಡಿದಂತೆ. ಚೀಲ ಬದಲಾಯಿಸುವ ಆಳು ಮಾತ್ರ ಪ್ರೋಗ್ರಾಮು ಬರೆಯುವವನೇ. ಕಂಪೈಲರಿಗೆ ಸಾಮಾನ್ಯವಾಗಿ ಉಗ್ರಾಣದ ಸುಳಿವೇ ಇರುತ್ತಿರಲಿಲ್ಲ.

ಮೂರನೆಯದೇ ‘ಎಕ್ಸ್‌ಟೆಂಡೆಡ್ ಮೆಮೊರಿ’. ಹೆಸರಿನಲ್ಲಿ ಎರಡನೆಯದಕ್ಕೆ ತೀರ ಹತ್ತಿರ. ಸ್ವಭಾವದಲ್ಲಿ ಪೂರ್ತಿ ಬೇರೆ. ಇದು ಹೊರಗಿನ ಹಲಗೆಯಲ್ಲ. ಹತ್ತು ಲಕ್ಷದ ಗೆರೆಯ ಆಚೆ ಅದೇ ನೆಲದ ಮುಂದುವರಿಕೆ. ಇದನ್ನು ನಮ್ಮ ಕಡೆಯ ಹಗೇವಿಗೆ ಹೋಲಿಸಬಹುದು. ಹಗೇವೆಂದರೆ ಜೋಳವನ್ನು ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮೇಲೆ ಮಣ್ಣು ಮುಚ್ಚಿದರೆ ದಾರಿಹೋಕನಿಗೆ ಅಲ್ಲಿ ಕಾಳಿದೆಯೆಂದು ಗೊತ್ತಾಗುವುದೇ ಇಲ್ಲ. ಕಾಳು ಬೇಕಾದವನು ಒಳಗೆ ಇಳಿಯಬೇಕು. ಇಳಿಯುವುದಕ್ಕೂ ಕ್ರಮವಿದೆ: ಬಾಯಿ ತೆರೆದು ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಮೇಲೆ ಹಗ್ಗ ಹಿಡಿದು ಒಬ್ಬ ನಿಂತಿರಬೇಕು.

೧೯೮೨ರ ೮೦೨೮೬ ಸಂಸ್ಕಾರಕ ಈ ಹಗೇವಿನ ಬಾಯಿಯನ್ನು ತೆರೆಯಿತು. ‘ಪ್ರೊಟೆಕ್ಟೆಡ್ ಮೋಡ್’ ಎಂಬ ಹೊಸ ಸ್ಥಿತಿಗೆ ಹೋದರೆ ಅದು ೧೬ ಮೆಗಾಬೈಟುಗಳನ್ನು ಕಾಣಬಲ್ಲುದಾಗಿತ್ತು. ಆದರೆ ಡಾಸ್ ಎಂಬ ಆಡಳಿತ ವ್ಯವಸ್ಥೆ ಹಳೆಯ ಸ್ಥಿತಿಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ತಟ್ಟೆಯಿಂದ ಒಂದು ಸಾಲು ಓದಬೇಕಾದರೂ ಮೇಲಕ್ಕೆ ಬರಬೇಕು. ೮೦೨೮೬ಕ್ಕೆ ಇಳಿಯಲು ಮೆಟ್ಟಿಲಿತ್ತು, ಹತ್ತಲು ಇರಲಿಲ್ಲ. ಹಳೆಯ ಸ್ಥಿತಿಗೆ ಮರಳಬೇಕಾದರೆ ಸಂಸ್ಕಾರಕವನ್ನೇ ಹೊಸದಾಗಿ ಎಬ್ಬಿಸಬೇಕು. ಕೀಲಿಮಣೆಯನ್ನು ನೋಡಿಕೊಳ್ಳುವ ಬಿಲ್ಲೆಯ ಮೂಲಕ ಹಾಗೆ ಎಬ್ಬಿಸುವ ಒಂದು ಕೌಶಲವನ್ನು ಜನ ಕಂಡುಕೊಂಡರು. ಅದು ನಡೆಯುತ್ತಿತ್ತು, ಆದರೆ ಬಹು ನಿಧಾನ. ೧೯೮೫ರ ೮೦೩೮೬ ಈ ಕೊರತೆಯನ್ನು ನೀಗಿಸಿತು. ಇಳಿಯುವುದೂ ಹತ್ತುವುದೂ ಸಲೀಸಾಯಿತು. ವಿಳಾಸದ ಅಂಕಣ ಮೂವತ್ತೆರಡು ಅಂಕಿಗೆ ಬೆಳೆದು ನಾಲ್ಕು ಗಿಗಾಬೈಟುಗಳವರೆಗೆ, ಓಣಿಗಳ ತೊಡಕಿಲ್ಲದ ಒಂದೇ ಬಯಲಾಗಿ ಮೆಮೊರಿ ತೆರೆದುಕೊಂಡಿತು.

ಹಗ್ಗ ಹಿಡಿದು ನಿಲ್ಲುವ ಕೆಲಸಕ್ಕೆ ‘ಡಾಸ್ ಎಕ್ಸ್‌ಟೆಂಡರ್’ ಎಂಬ ನಡುವಣ ಪ್ರೋಗ್ರಾಮು ಬಂದಿತು. ಕೆಳಗಿರುವ ಪ್ರೋಗ್ರಾಮು ತಟ್ಟೆಯಿಂದ ಏನಾದರೂ ಬೇಡಿದರೆ, ಇದು ಮೇಲೆ ಬಂದು ಡಾಸಿನಿಂದ ಅದನ್ನು ೬೪೦ರೊಳಗಿನ ಒಂದು ಬುಟ್ಟಿಗೆ ಹಾಕಿಸಿ, ಬುಟ್ಟಿಯನ್ನು ಕೆಳಗಿಳಿಸುತ್ತದೆ. ಫಾರ್ ಲ್ಯಾಪ್ ಸಂಸ್ಥೆಯ ಎಕ್ಸ್‌ಟೆಂಡರ್ ಈ ಜಾತಿಯಲ್ಲಿ ಮೊದಮೊದಲು ಹೆಸರಾದದ್ದು. ೧೯೯೦ರಲ್ಲಿ ‘ಡಿ.ಪಿ.ಎಂ.ಐ.’ ಎಂಬ ಸರ್ವಸಮ್ಮತ ಕ್ರಮ ಬಂದಮೇಲೆ ಹಲವು ಪ್ರೋಗ್ರಾಮುಗಳು ಒಂದೇ ಹಗೇವಿನಲ್ಲಿ ಜಗಳವಿಲ್ಲದೆ ಇಳಿಯುವುದು ಸಾಧ್ಯವಾಯಿತು.

ಆಯ್ಕೆಯ ಕಷ್ಟ

ಎಕ್ಸ್‌ಟೆಂಡರ್ ಒಂದಿದ್ದರೆ ಸಾಲದು. ಹಗೇವಿನ ವಿಳಾಸ ಬರೆಯಬಲ್ಲ ಕಂಪೈಲರ್ ಬೇಕು. ೧೯೮೦ರ ದಶಕದ ಕೊನೆಗೆ ಇಂಥವು ಒಂದೊಂದಾಗಿ ಬಂದವು. ಕೆನಡಾದ ‘ವಾಟ್‌ಕಾಂ’ ಕಂಪೈಲರ್ ತನ್ನ ಜೊತೆಯಲ್ಲೇ ಒಂದು ಎಕ್ಸ್‌ಟೆಂಡರನ್ನು ಬೇರೆ ರಾಯಧನವಿಲ್ಲದೆ ಕೊಟ್ಟಿತು. ೧೯೯೩ರ ‘ಡೂಮ್’ ಎಂಬ ಪ್ರಖ್ಯಾತ ಆಟ ಇದರಿಂದಲೇ ಸಿದ್ಧವಾದದ್ದು. ವಿಜ್ಞಾನಿಗಳಿಗೆ ‘ಲೇಹಿ’ಯಂತಹ ಫೋರ್‌ಟ್ರಾನ್ ಕಂಪೈಲರುಗಳು ಒದಗಿದವು. ೧೯೯೨ರ ‘ಬೋರ್‌ಲ್ಯಾಂಡ್ ಪಾಸ್ಕಲ್ ೭’ ಹದಿನಾರು ಅಂಕಿಯ ಓಣಿಗಳನ್ನು ಹಾಗೆಯೇ ಇಟ್ಟುಕೊಂಡು ೧೬ ಮೆಗಾಬೈಟಿನವರೆಗೆ ದಾರಿ ಮಾಡಿಕೊಟ್ಟಿತು.

ಇವುಗಳಲ್ಲಿ ಒಂದರ ಹುಟ್ಟು ಹೇಳುವಂಥದು. ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರಸಿದ್ಧ ಪ್ರೋಗ್ರಾಮುಕಾರ ತಮ್ಮ ಸಂಘದ ‘ಜಿ.ಸಿ.ಸಿ.’ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಹಂಚುತ್ತಿದ್ದರು. ಅದನ್ನು ಡಾಸಿಗೆ ತರುವ ಉದ್ದೇಶವುಂಟೇ ಎಂದು ಡಿ. ಜೆ. ಡಿಲೋರಿ ಎಂಬ ಯುವಕ ಒಂದು ಸಭೆಯಲ್ಲಿ ಕೇಳಿದನು. ಕಂಪೈಲರ್ ತೀರ ದೊಡ್ಡದು, ಡಾಸ್ ಹದಿನಾರು ಅಂಕಿಯದು, ಆಗದ ಮಾತು ಎಂಬ ಉತ್ತರ ಬಂತು. ಡಿಲೋರಿ ಅದನ್ನು ಪಂಥವಾಗಿ ಸ್ವೀಕರಿಸಿ, ೧೯೮೯ರಲ್ಲಿ ಕೆಲಸ ಆರಂಭಿಸಿ, ತಾನೇ ಎಕ್ಸ್‌ಟೆಂಡರನ್ನೂ ಬರೆದು ‘ಡಿ.ಜೆ.ಜಿ.ಪಿ.ಪಿ.’ ಎಂಬ ಕಂಪೈಲರನ್ನು ಲೋಕಕ್ಕೆ ಉಚಿತವಾಗಿ ಕೊಟ್ಟನು. ಹಣ ಕೊಡಲಾಗದ ವಿದ್ಯಾರ್ಥಿಗೂ ಹಗೇವಿನ ಬಾಯಿ ತೆರೆದದ್ದು ಹೀಗೆ.

ಇನ್ನು ಆರಿಸುವವನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಗಳು. ಬೆಳೆಯುವುದು ಆದೇಶಗಳೋ ಸಾಮಗ್ರಿಯೋ? ಆದೇಶಗಳಾದರೆ ಓವರ್‌ಲೇ ಸಾಕು. ಒಂದೇ ಪಟ್ಟಿ ೬೪ ಕಿಲೋಬೈಟು ಮೀರುತ್ತದೆಯೇ? ಮೀರಿದರೆ ಮೂವತ್ತೆರಡು ಅಂಕಿಯ ಕಂಪೈಲರೇ ಲೇಸು. ಜೊತೆಗೆ ಕೊಂಡ ಉಪಪ್ರೋಗ್ರಾಮುಗಳ ಭಂಡಾರ ಹೊಸ ಕಂಪೈಲರಿಗೆ ಹೊಂದುತ್ತದೆಯೇ? ಹಳೆಯದರಲ್ಲಿ ಸಾಮಾನ್ಯ ಪೂರ್ಣಸಂಖ್ಯೆ ಹದಿನಾರು ಅಂಕಿಯದು, ೩೨,೭೬೭ಕ್ಕೆ ಮುಗಿಯುವಂಥದು. ಹೊಸದರಲ್ಲಿ ಮೂವತ್ತೆರಡು ಅಂಕಿಯದು. ಆದುದರಿಂದ ಹಳೆಯ ಪ್ರೋಗ್ರಾಮು ಬರೆದಿಟ್ಟ ಕಡತವನ್ನು ಹೊಸ ಪ್ರೋಗ್ರಾಮು ತಪ್ಪಾಗಿ ಓದುವ ಸಂಭವವೂ ಇತ್ತು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕೊನೆಯದು: ಇದನ್ನು ಓಡಿಸುವವನ ಮನೆಯಲ್ಲಿ ಯಾವ ಯಂತ್ರವಿದೆ? ಹೊಸಪೇಟೆಯಿಂದ ಕೊಟ್ಟೂರಿಗೆ ಬರುವ ರೈಲುಹಾದಿ ಹಿಂದೆ ಮೀಟರ್ ಗೇಜಿನದಾಗಿತ್ತು. ಬ್ರಾಡ್ ಗೇಜಿನ ಗಾಡಿ ಎಷ್ಟೇ ಭರ್ಜರಿಯಾಗಿದ್ದರೂ ಆ ಕಂಬಿಯ ಮೇಲೆ ಒಂದು ಗೇಣೂ ಬರಲಾರದಾಗಿತ್ತು. ೮೦೩೮೬ಕ್ಕಾಗಿ ಮಾಡಿದ ಪ್ರೋಗ್ರಾಮೂ ಹಾಗೆಯೇ. ಹಳೆಯ ಯಂತ್ರದಲ್ಲಿ ಅದು ನಿಧಾನವಾಗಿ ಓಡುವುದಿಲ್ಲ, ಓಡುವುದೇ ಇಲ್ಲ. ದೊಡ್ಡ ಪ್ರೋಗ್ರಾಮಿಗೆ ಹಗೇವಿನ ಕಂಪೈಲರನ್ನು ಆರಿಸಿದವನು ಹಳೆಯ ಯಂತ್ರದವನನ್ನು ಬಾಗಿಲಾಚೆ ನಿಲ್ಲಿಸಿದನು. ಎಲ್ಲರನ್ನೂ ಒಳಗೆ ಕರೆಯಬಯಸಿದವನು ತನ್ನ ಪ್ರೋಗ್ರಾಮನ್ನೇ ಕತ್ತರಿಸಿ ಕುಳ್ಳಗೆ ಮಾಡಿದನು.

ಬೆಂಗಳೂರಿನ ಒಂದು ಸಾಹಸ

ಇದೇ ಕಾಲದಲ್ಲಿ ನಮ್ಮ ರಾಜಧಾನಿಯಲ್ಲಿ ಇನ್ನೊಂದು ದಾರಿ ಹಿಡಿದವರನ್ನು ನೆನೆಯುವುದು ಉಚಿತ. ವಿಮಾನದ ಸುತ್ತ ಗಾಳಿ ಹರಿಯುವ ರೀತಿಯನ್ನು ಲೆಕ್ಕಹಾಕಬೇಕಾದರೆ ಆಕಾಶವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹಂಚಬೇಕು. ಉದ್ದ, ಅಗಲ, ಎತ್ತರಗಳಲ್ಲಿ ಐವತ್ತೈವತ್ತು ಬಿಂದುಗಳೆಂದರೂ ಒಟ್ಟು ೧,೨೫,೦೦೦ ಬಿಂದುಗಳಾದವು. ಒಂದೊಂದಕ್ಕೆ ಐದು ಅಳತೆ, ಅಳತೆಗೆ ಎಂಟು ಬೈಟು. ಐವತ್ತು ಲಕ್ಷ ಬೈಟುಗಳಾದವು. ಅತಿವೇಗದ ಗಣಕಗಳನ್ನು ಭಾರತಕ್ಕೆ ಮಾರಲು ಪರದೇಶಗಳು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ಅವರ ತಂಡ ೧೯೮೬ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿತು. ಅದರ ಮೊದಲ ರೂಪದಲ್ಲಿ ಬಳಸಿದ್ದು ಅದೇ ಸಾಮಾನ್ಯ ೮೦೮೬ ಸಂಸ್ಕಾರಕಗಳನ್ನು. ಅವರ ಮುಖ್ಯ ಗುರಿ ವೇಗ. ಆದರೆ ಆ ಸಾಹಸದಲ್ಲಿ ನಮ್ಮ ಪ್ರಕೃತ ವಿಷಯಕ್ಕೂ ಒಂದು ಪಾಠವಿದೆ. ಹಾಸಿಗೆಯನ್ನು ಉದ್ದ ಮಾಡಲಾಗದಿದ್ದರೆ ಹಲವು ಹಾಸಿಗೆಗಳನ್ನು ಜೋಡಿಸಬಹುದು. ಆಗ ಕಂಪೈಲರೊಂದರಿಂದಲೇ ಕೆಲಸವಾಗದು. ಕೆಲಸವನ್ನು ಎಲ್ಲಿ ಒಡೆಯಬೇಕು, ಗಡಿಯ ಲೆಕ್ಕವನ್ನು ಯಾರು ಯಾರಿಗೆ ಯಾವಾಗ ತಿಳಿಸಬೇಕು ಎಂಬುದನ್ನು ಮನುಷ್ಯನೇ ಯೋಚಿಸಬೇಕು. ಪುಣೆಯ ಸಿ-ಡಾಕ್ ಸಂಸ್ಥೆಯ ‘ಪರಮ್ ೮೦೦೦’ ಇದೇ ಬಗೆಯ ಹಂಚಿಕೆಯ ದಾರಿಯಲ್ಲಿ ೧೯೯೧ರಲ್ಲಿ ಬಂದಿತು.

ಕನ್ನಡ ತೆತ್ತ ಬೆಲೆ

೬೪೦ರ ಗೆರೆ ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಆಗಿತ್ತೆಂದು ತೋರಬಹುದು. ವಾಸ್ತವವಾಗಿ ಹಾಗಿರಲಿಲ್ಲ. ಇಂಗ್ಲಿಷಿನ ಅಕ್ಷರಗಳು ಯಂತ್ರದೊಳಗೆ ಅಚ್ಚು ಹಾಕಿದಂತೆ ಮೊದಲೇ ಇದ್ದವು. ಒಂದು ಬೈಟು ಕಳಿಸಿದರೆ ತೆರೆಯ ಮೇಲೆ ಒಂದು ಅಕ್ಷರ. ಮುದ್ರಣಯಂತ್ರಕ್ಕೆ ಕಳಿಸಿದರೂ ಹಾಗೆಯೇ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳಿಗೆ ಅಲ್ಲಿ ಜಾಗವಿರಲಿಲ್ಲ. ಅವನ್ನು ಚುಕ್ಕಿ ಚುಕ್ಕಿಯಾಗಿ ಚಿತ್ರದಂತೆ ಬರೆಯಬೇಕಾಗಿತ್ತು. ಅಂಗುಲಕ್ಕೆ ೩೦೦ ಚುಕ್ಕಿಯ ಲೇಸರ್ ಯಂತ್ರದಲ್ಲಿ ‘ಎ-೪’ ಹಾಳೆಯ ಒಂದು ಪುಟವನ್ನು ಹೀಗೆ ಚಿತ್ರವಾಗಿ ಬರೆದರೆ ಸುಮಾರು ಹನ್ನೊಂದು ಲಕ್ಷ ಬೈಟು ಬೇಕು. ಅಂದರೆ ಕನ್ನಡದ ಒಂದೇ ಒಂದು ಪುಟದ ಚಿತ್ರ ೬೪೦ ಕಿಲೋಬೈಟಿನಲ್ಲಿ ಹಿಡಿಯದು! ಪುಟವನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಮುದ್ರಿಸುವುದೇ ಆಗ ಉಳಿದ ದಾರಿ.

ಐ.ಐ.ಟಿ. ಕಾನ್ಪುರದಲ್ಲಿ ಮೊಳೆತು ಸಿ-ಡಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡು ಈ ತೊಡಕನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿತು. ಭಾರತೀಯ ಲಿಪಿಗಳ ಹೊರೆಯನ್ನೆಲ್ಲ ಪ್ರತ್ಯೇಕ ಹಲಗೆಯ ಮೇಲೆ ಹೊರಿಸಿ ಅದನ್ನು ಯಂತ್ರಕ್ಕೆ ಸಿಕ್ಕಿಸುವುದು. ಆಗ ಡಾಸಿನ ಸಾಧಾರಣ ಪ್ರೋಗ್ರಾಮೂ ಕನ್ನಡ ತೋರಿಸುತ್ತದೆ. ಉಪಾಯ ಸೊಗಸಾದದ್ದೇ, ಆದರೆ ಪ್ರತಿಯೊಂದು ಯಂತ್ರಕ್ಕೂ ಕಾರ್ಡಿನ ಬೆಲೆ ತೆರಬೇಕು. ಕಾರ್ಡಿಲ್ಲದೆ ನಡೆಸಬಯಸಿದವರು ಅಕ್ಷರದ ತುಂಡುಗಳಿಗೆ ತಮ್ಮ ತಮ್ಮದೇ ಸಂಕೇತಗಳನ್ನು ಕೊಟ್ಟುಕೊಂಡರು. ಒಬ್ಬರ ಕಡತ ಇನ್ನೊಬ್ಬರ ಯಂತ್ರದಲ್ಲಿ ಕಲಸುಮೇಲೋಗರವಾಯಿತು. ಆ ಕಾಲದಲ್ಲಿ ಅಚ್ಚಾದ ಎಷ್ಟೋ ಪುಸ್ತಕಗಳು ಕಾಗದದ ಮೇಲೆ ಉಳಿದಿವೆ. ಅವುಗಳ ಗಣಕಪ್ರತಿಯನ್ನು ಇಂದು ಓದಬೇಕಾದರೆ ಪರಿವರ್ತಕಗಳ ಹಂಗು ಬೇಕು, ಕೆಲವಕ್ಕೆ ಅದೂ ಸಾಲದು.

೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೆ ತನ್ನದೇ ಸ್ಥಾನ ಕೊಟ್ಟಿತು. ೨೦೦೧ರ ‘ವಿಂಡೋಸ್ ಎಕ್ಸ್‌ಪಿ’ಯೊಡನೆ ‘ತುಂಗಾ’ ಎಂಬ ಕನ್ನಡ ಅಕ್ಷರಮಾದರಿ ಬಂದಿತು. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ಹರಿಯುವ ಹೊಳೆಯ ಅರ್ಧ ಹೆಸರು ಹೀಗೆ ಜಗತ್ತಿನ ಯಂತ್ರಗಳನ್ನು ಹೊಕ್ಕಿತು. ಆದರೆ ಈ ಔದಾರ್ಯ ಜಾಗವನ್ನು ಬೇಡುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಹಲಂತದ ಚಿಹ್ನೆಯೂ ಸೇರಿ ಐದು ಸಂಕೇತಗಳು. ಹಿಂದಿನ ಭಾರತೀಯ ಸಂಕೇತಕ್ರಮವಾದ ‘ಇಸ್ಕಿ’ಯಲ್ಲಿ ಅದಕ್ಕೆ ಐದು ಬೈಟು; ಇಂದು ಜಾಲದಲ್ಲೆಲ್ಲ ಬಳಕೆಯಲ್ಲಿರುವ ‘ಯು.ಟಿ.ಎಫ್-೮’ ರೂಪದಲ್ಲಿ ಹದಿನೈದು. ಇಂಗ್ಲಿಷ್ ಲಿಪಿಯಲ್ಲಿ ಅದೇ ಪದಕ್ಕೆ ಏಳು ಸಾಕು. ೬೪೦ರ ಕಾಲದಲ್ಲಿ ಇಂತಹ ಖರ್ಚನ್ನು ಯಾರು ಸಹಿಸುತ್ತಿದ್ದರು? ಮೆಮೊರಿ ಅಗ್ಗವಾದುದರಿಂದ, ಅದನ್ನು ಕಾಣಬಲ್ಲ ಕಂಪೈಲರುಗಳು ಬಂದುದರಿಂದ ಕನ್ನಡ ತನ್ನ ಪೂರ್ಣರೂಪದಲ್ಲಿ ಯಂತ್ರದಲ್ಲಿ ನಿಲ್ಲುವಂತಾಯಿತು. ಹಗೇವಿನ ಕಥೆ ಭಾಷೆಯ ಕಥೆಯೂ ಆಗುವುದು ಇಲ್ಲಿಯೇ.

ಮತ್ತೆ ಅದೇ ಗೆರೆ

ಮೂವತ್ತೆರಡು ಅಂಕಿಯ ನಾಲ್ಕು ಗಿಗಾಬೈಟಿನ ಬಯಲು ಎಂದಿಗೂ ಮುಗಿಯದೆಂದು ತೋರಿತ್ತು. ಅದೂ ತುಂಬಿತು, ೨೦೦೩ರಿಂದ ಅರವತ್ನಾಲ್ಕು ಅಂಕಿಯ ಸಂಸ್ಕಾರಕಗಳು ಮೇಜಿನ ಗಣಕಗಳಿಗೂ ಬಂದವು. ಒಂದು ಲಕ್ಷ ಪದಗಳ ಸೂಚಿಯನ್ನು ಇಂದು ಜೇಬಿನ ಫೋನು ಕಣ್ಣು ಮಿಟುಕಿಸುವುದರಲ್ಲಿ ಜೋಡಿಸುತ್ತದೆ.

ಆದರೂ ಗೆರೆ ಮಾಯವಾಗಿಲ್ಲ, ಜಾಗ ಬದಲಾಯಿಸಿದೆ. ಮನುಷ್ಯನಂತೆ ಬರೆಯುವ ಇಂದಿನ ಭಾಷಾಯಂತ್ರಗಳಲ್ಲಿ ಸಾಧಾರಣ ಗಾತ್ರದ್ದೆಂದರೆ ಏಳುನೂರು ಕೋಟಿ ಸಂಖ್ಯೆಗಳ ಮೂಟೆ. ಸಂಖ್ಯೆಗೆ ಎರಡು ಬೈಟಿನಂತೆ ಅದಕ್ಕೆ ಹದಿನಾಲ್ಕು ಗಿಗಾಬೈಟು ಬೇಕು. ಎಂಟು ಗಿಗಾಬೈಟಿನ ಮೆಮೊರಿಯಿರುವ ವಿದ್ಯಾರ್ಥಿಯ ಯಂತ್ರದಲ್ಲಿ ಅದು ಹಿಡಿಯದು. ಮತ್ತೆ ಅದೇ ಉಪಾಯಗಳು: ಸಂಖ್ಯೆಯನ್ನು ಅರ್ಧ ಬೈಟಿಗೆ ಕುಗ್ಗಿಸಿ ಮೂರೂವರೆ ಗಿಗಾಬೈಟು ಮಾಡು, ತುಂಡುಮಾಡಿ ಸರದಿಯಲ್ಲಿ ತಾ, ಇಲ್ಲವೇ ಹಲವು ಯಂತ್ರಗಳಿಗೆ ಹಂಚು. ಬಯಲಾಟ, ಕಿಟಕಿ, ಹಗೇವು ಹೊಸ ವೇಷದಲ್ಲಿ ಮತ್ತೆ ಅಟ್ಟ ಹತ್ತಿವೆ. ಮತ್ತೆ ಹೆಚ್ಚು ಬೈಟು ಬೇಡುವ ಲಿಪಿಗಳೇ ಹೆಚ್ಚು ಬೆಲೆ ತೆರುವ ಸಂಭವವೂ ಇದೆ.

ಆದುದರಿಂದ ಕನ್ನಡಕ್ಕಾಗಿ ದೊಡ್ಡ ಕೆಲಸ ಹೂಡುವವರು, ಅದು ನಿಘಂಟಾಗಲಿ ಶಾಸನಸೂಚಿಯಾಗಲಿ ಭಾಷಾಯಂತ್ರವಾಗಲಿ, ಸಾಧನವನ್ನು ಅದರ ಹೆಸರು ನೋಡಿ ಆರಿಸಬಾರದು. ಮೊದಲು ಹೊರೆಯನ್ನು ತೂಗಬೇಕು. ಆಮೇಲೆ ಆ ಹೊರೆ ಹೊರುವ ಸಾಧನ ಕೂಡ್ಲಿಗಿಯ ಹಳ್ಳಿಯೊಂದರ ಶಾಲೆಯಲ್ಲಿಯೂ ನಡೆಯುವುದೇ ಎಂದು ಕೇಳಬೇಕು. ಎರಡೂ ಕೂಡದಿದ್ದರೆ ಕತ್ತರಿಸಬೇಕಾದದ್ದು ಏನು, ಕಾಯಬೇಕಾದವರು ಯಾರು ಎಂಬುದನ್ನು ಬಚ್ಚಿಡದೆ ಹೇಳಬೇಕು. ಸಂಗ್ರಹಿಸಿದ್ದನ್ನು ಮಾತ್ರ, ಯಾವ ಕಂಪೈಲರಿನಲ್ಲಿ ಕೆಲಸ ಮಾಡಿದರೂ, ಎಲ್ಲರೂ ಓದಬಲ್ಲ ಸಂಕೇತದಲ್ಲಿಯೇ ಇಡಬೇಕು. ಪದೇ ಪದೇ ಬರ ಕಂಡ ಈ ಸೀಮೆಯಲ್ಲಿ ಹಗೇವು ತೋಡಿದವರು ಅದರ ಬಾಯಿ ಎಲ್ಲಿದೆಯೆಂಬುದನ್ನು ಮಕ್ಕಳಿಗೆ ತೋರಿಸಿಯೇ ಮಣ್ಣು ಮುಚ್ಚುತ್ತಿದ್ದರು.